ಪಂಪ್‌ಮನೆಯಲ್ಲಿ ಕೇಳಿದ ಅಪ್ಪಣೆ

ದೀಪ ಸ್ವಲ್ಪ ಸಣ್ಣಗೆ ಮಾಡಿ. ಹಾಂ... ಅಷ್ಟು ಸಾಕು. ಬಾಗಿಲು ಹಾಗೇ ಇರಲಿ, ಕಡಲ ಸದ್ದು ಕೇಳಬೇಕು.

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಕರಾಂಗ್‌ಬೆಂದೊ ಕೇರಿಯಲ್ಲಿ, ನನ್ನ ಮನೆಯಿಂದ ಮೂರನೇ ಮನೆಯ ವರ್ಸಿನಿಗೆ ಆದದ್ದು. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ನಿಜ ಹೇಳಬೇಕೆಂದರೆ ಈ ಕತೆ ಶುರು ಮಾಡುವ ಮೊದಲೇ ನನಗೆ ಸಿಟ್ಟು ಬಂದಿರುತ್ತದೆ.

ಅವತ್ತು ಕ್ಲಿವೊನ್ ಶುಕ್ರವಾರದ ಹಿಂದಿನ ರಾತ್ರಿ, ಮೂವತ್ತೈದು ದಿನಕ್ಕೊಮ್ಮೆ ಬರುವ ದೆವ್ವದ ರಾತ್ರಿ. ಅಂಥ ರಾತ್ರಿ ನಮ್ಮ ಜಾವಾದಲ್ಲಿ ಮಕ್ಕಳನ್ನು ಹೊಸಿಲು ದಾಟಲು ಬಿಡುವುದಿಲ್ಲ. ಮೇಲಿಂದ ಹುಣ್ಣಿಮೆ. ಹನ್ನೊಂದು ದಾಟಿತ್ತು. ವರ್ಸಿನಿ ಪಂಪ್‌ಮನೆಯಿಂದ ಕಡಲ ಗೋಡೆಯ ಮೇಲೆ ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ಚಪ್ಪಲಿ ಪಟ್ ಪಟ್ ಅನ್ನುತ್ತಿತ್ತು. ಗೋಡೆಯ ಆಚೆ ನೀರು... ಚಪಕ್... ಚಪಕ್... ಅದು ಏರುತ್ತಿದೆ ಎಂದು ಅವಳಿಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ದಾರಿಯಲ್ಲಿ ಆಲದ ಮರ. ನಮ್ಮಲ್ಲಿ ಎಂಥ ಮೊಂಡನೂ ಅದರ ಕೆಳಗೆ ಸುಮ್ಮನೆ ದಾಟುವುದಿಲ್ಲ. ತಲೆ ಬಗ್ಗಿಸಿ 'ನುವುನ್ ಸೆವು' ಎನ್ನಬೇಕು. ಹಿರಿಯರ ಮುಂದೆ ಹಾದುಹೋಗುವಾಗ ಅಪ್ಪಣೆ ಕೇಳುವ ಮಾತು ಅದು. ಬಿಡಿಸಿದರೆ 'ಸಾವಿರ ಸಲ ಬೇಡುತ್ತೇನೆ' ಎಂದಾಗುತ್ತದೆ, ಆದರೆ ಹಾಗೆ ಯಾರು ಬಿಡಿಸುತ್ತಾರೆ? ಅದಕ್ಕೆ ಹಿರಿಯರು 'ಮೊಂಗ್ಗೊ' ಎನ್ನುತ್ತಾರೆ. ಆಗಲಿ, ನಡಿ ಎಂದು. ಮರ ಏನೂ ಅನ್ನುವುದಿಲ್ಲ... ನಾವು ಕೇಳಿ ಮುಂದೆ ಹೋಗುತ್ತೇವೆ.

ಅವತ್ತು ವರ್ಸಿನಿ ಕೇಳಲಿಲ್ಲ. ನಲವತ್ತಾರು ವರ್ಷದಲ್ಲಿ ಅದೇ ಮೊದಲು. ಹೆದರಿಕೆ ಇರಲಿಲ್ಲ ಎಂದಲ್ಲ, ಹೆದರಿಕೆಗೆ ಜಾಗವೇ ಇರಲಿಲ್ಲ. ಹೊಟ್ಟೆಯ ತುಂಬ ಬೆಂಕಿ.

ಬೆಂಕಿ ಹಚ್ಚಿದವನ ಹೆಸರು ಹರ್ಯಾದಿ. ನೀರಿನ ಇಲಾಖೆಯ ಸಾಹೇಬ. ಎಲ್ಲರ ಹಾಗೆ ನಾವೂ 'ಪಾಕ್ ಹರ್ಯಾದಿ' ಎಂದೇ ಕರೆಯುತ್ತೇವೆ. ಪಾಕ್ ಅಂದರೆ ಅಪ್ಪ. ಅಪ್ಪನಂತೆ!

ನಮ್ಮ ಕೇರಿ ಕಡಲಿಗಿಂತ ತಗ್ಗಿನಲ್ಲಿದೆ. ನೆಲ ವರ್ಷವರ್ಷವೂ ಕುಸಿಯುತ್ತದೆ, ಕಡಲು ವರ್ಷವರ್ಷವೂ ಏರುತ್ತದೆ. ನಡುವೆ ಒಂದು ಗೋಡೆ. ಗೋಡೆಯಲ್ಲಿ ಮೂರು ಗೇಟು. ಇಳಿತದಲ್ಲಿ ಗೇಟು ಎತ್ತಿದರೆ ಚರಂಡಿಯ ನೀರು ಹೊರಗೆ ಹೋಗುತ್ತದೆ, ನಮ್ಮ ದೋಣಿಗಳೂ ಓಡಾಡುತ್ತವೆ. ಉಬ್ಬರದಲ್ಲಿ ಇಳಿಸದಿದ್ದರೆ... ನಾನೂರು ಮನೆ. ಅದರಲ್ಲಿ ಗೋಡೆಗೆ ಅಂಟಿಕೊಂಡ ಮೊದಲ ಮನೆ ವರ್ಸಿನಿಯದು. ಒಳಗೆ ಲಕ್ವ ಹೊಡೆದು ಮಲಗಿದ ಅವಳ ತಾಯಿ. ಎದ್ದು ಓಡುವುದಿರಲಿ, ಮಗ್ಗುಲು ಬದಲಿಸಲೂ ಮಗಳೇ ಬರಬೇಕು.

ಆ ಗೇಟುಗಳನ್ನು ಮೂವತ್ತು ವರ್ಷ ನೋಡಿಕೊಂಡದ್ದು ಪಾಕ್ ಸಾದಿರಾನ್. ಅವರು ನಿಜವಾಗಿ ಅಪ್ಪನಂಥವರು. ಎಲೆಕ್ಟ್ರಿಷಿಯನ್ ಆಗಿ ಬಂದವರು, ಇಲಾಖೆ ತಂದಿಟ್ಟು ಮರೆತ ಕಂಪ್ಯೂಟರೊಂದರ ಮುಂದೆ ಕೂತು ಗೇಟಿನ ಪ್ರೋಗ್ರಾಂ ತಾವೇ ಬರೆದರು. ಕಪ್ಪು ಪರದೆ, ಹಸಿರು ಅಕ್ಷರ, ಪಕ್ಕದಲ್ಲಿ ಕಿರುಗುಟ್ಟುವ ಪ್ರಿಂಟರು. ಅವರ ಬಲಗೈ ಬೆರಳುಗಳು ಒಮ್ಮೆ ಪಂಪಿನ ಬೆಲ್ಟಿಗೆ ಸಿಕ್ಕಿ ಒಂದೇ ಒಂದು ಉಳಿದಿತ್ತು. ಅದರಿಂದಲೇ ಒತ್ತುತ್ತಿದ್ದರು. ಟಕ್... ಟಕ್... ಟಕ್... ಕೊನೆಯ ಕೀಲಿಯನ್ನು ಮಾತ್ರ ಬೆರಳ ಗೆಣ್ಣು ಮಡಿಸಿ ಠಪ್ಪೆಂದು ಕುಟ್ಟುತ್ತಿದ್ದರು. ಕೇರಿಯಲ್ಲಿ ಆ ಸದ್ದು ಗೊತ್ತಿಲ್ಲದವರಿಲ್ಲ.

ನೀರು ಕೆಂಪು ಗೆರೆ ಮುಟ್ಟಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು: 'ನುವುನ್ ಸೆವು'. ಗೇಟು ಇಳಿಸಲು ಮಿಷನ್ನು ಅಪ್ಪಣೆ ಕೇಳುವುದು! ಆಗ ಕಾವಲಿನವರು ಹೊರಗೆ ಹೋಗಿ, ಗೇಟಿನ ಕೆಳಗೆ ದೋಣಿ ಇಲ್ಲವೆಂದು ಕಣ್ಣಾರೆ ನೋಡಿ, ಬಂದು 'ಮೊಂಗ್ಗೊ' ಎಂದು ಇಂಗ್ಲಿಷಿನ ಆರು ಅಕ್ಷರ ಒತ್ತಬೇಕು. ಹತ್ತು ನಿಮಿಷ ಯಾರೂ ಉತ್ತರ ಕೊಡದಿದ್ದರೆ ಸೈರನ್ ಕೂಗಿ ಗೇಟು ತಾನೇ ಇಳಿಯುತ್ತಿತ್ತು. ಪಾಕ್ ಸಾದಿರಾನ್ ತೀರಿಕೊಂಡದ್ದು ನಮಗೆ ತಿಳಿದದ್ದೇ ಹಾಗೆ. ಒಂದು ರಾತ್ರಿ ಸೈರನ್ ಕೂಗಿತು. ಓಡಿ ಹೋಗಿ ನೋಡಿದರೆ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದರು. ಗೇಟು ಇಳಿದಿತ್ತು. ಒಂದು ಹನಿ ನೀರು ಒಳಗೆ ಬಂದಿರಲಿಲ್ಲ.

ಆ ಕುರ್ಚಿಗೆ ಆಮೇಲೆ ವರ್ಸಿನಿ ಬಂದಳು. ಹನ್ನೊಂದು ವರ್ಷ ಅವರ ಕೈಕೆಳಗೆ ಕಲಿತವಳು.

ಈಗ ಹರ್ಯಾದಿ ಹೊಸ ಪ್ರೋಗ್ರಾಂ ತರಿಸಿದ. ಬೇಕಿತ್ತು, ಒಪ್ಪುತ್ತೇನೆ. ಹಳೆಯ ಮಿಷನ್ನಿನ ಬಿಡಿಭಾಗ ಊರಲ್ಲೆಲ್ಲೂ ಸಿಗುತ್ತಿರಲಿಲ್ಲ. ವರ್ಸಿನಿಯೂ ಬೇಡ ಎನ್ನಲಿಲ್ಲ. ಅವಳು ಕೇಳಿದ್ದು ಇಷ್ಟೇ. ಒಂದು ತಿಂಗಳು ಎರಡೂ ಅಕ್ಕಪಕ್ಕ ಓಡಲಿ, ಒಂದು ಹುಣ್ಣಿಮೆ ಒಂದು ಅಮಾವಾಸ್ಯೆ ನೋಡೋಣ. ಆಮೇಲೆ ಒಂದೊಂದೇ ಗೇಟು ಹೊಸದಕ್ಕೆ ಕೊಡೋಣ. ಮೂರೂ ಸರಿಹೋಗುವವರೆಗೆ ಹಳೆಯದನ್ನು ಆರಿಸುವುದು ಬೇಡ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರನ್ನು ಕಂಡಿದ್ದೇವೆ. ಈ ಹರ್ಯಾದಿ ಹೊಳೆಯ ನಡುವೆ ದೋಣಿಗೆ ತೂತು ಕೊರೆಯುವವನು. ಶುಕ್ರವಾರ ಬೆಳಗ್ಗೆ ಮೇಯರ್ ಬಂದು ಬಟನ್ ಒತ್ತಬೇಕಿತ್ತು, ಫೋಟೋ ಆಗಬೇಕಿತ್ತು. ಒಂದು ತಿಂಗಳು ಪರೀಕ್ಷೆ ಆಗಿದೆ ಎಂದು ಕಾಗದದಲ್ಲಿ ಬರೆಸಿದ. ಆಗಿದ್ದದ್ದು ಮೂರೇ ದಿನ.

"ಹೊಸ ನೀರು ಬಂದ್ಮೇಲೆ ಹಳೇ ನೀರು ಹೋಗ್ಲೇಬೇಕು ವರ್ಸಿನಿ," ಎಂದನಂತೆ.

"ನೀರಿನ ಗಾದೆ ನನ್ನ ಹತ್ರ ಹೇಳ್ಬೇಡಿ ಪಾಕ್. ನಮ್ಮನೇಲಿ ಹಳೇ ನೀರೂ ಹೋಗಿಲ್ಲ, ಹೊಸ ನೀರೂ ಬರ್ತಾನೇ ಇದೆ."

ಆ ಕಾಗದಕ್ಕೆ ಸಹಿ ಹಾಕಲ್ಲ ಎಂದಳು. ಹಾಗಾದರೆ ಇವತ್ತಿಗೆ ನಿನ್ನ ಕಾವಲು ಮುಗಿಯಿತು, ಇನ್ನು ಅಪ್ಪಣೆ ಕೇಳುವುದು ನನ್ನ ಫೋನಿನಲ್ಲಿ ಎಂದ. ಸಂಜೆ ಆರಕ್ಕೆ ಹಳೆಯ ಕಂಪ್ಯೂಟರಿನಿಂದ ಗೇಟಿಗೂ ಸೈರನ್ನಿಗೂ ಹೋಗುವ ವೈರು ಬಿಚ್ಚಿಸಿದ. ಕೊನೆಗೆ ಕಟಿಂಗ್ ಪ್ಲೇಯರ್ ಕೈಗೆ ತೆಗೆದುಕೊಂಡು, ಕ್ಯಾಮೆರಾ ನೋಡಿ ನಗುತ್ತಾ, ಕರೆಂಟಿನ ವೈರು ಕತ್ತರಿಸಿದ. ಚಟ್. ಪ್ಲಗ್ಗು ನೆಲಕ್ಕೆ ಬಿತ್ತು.

ಅದನ್ನು ವರ್ಸಿನಿ ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹನ್ನೊಂದರವರೆಗೆ ಪಂಪ್‌ಮನೆಯ ಮೆಟ್ಟಿಲ ಮೇಲೆ ಹಟಕ್ಕೆ ಕೂತೇ ಇದ್ದಳು. ತಾಯಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಮಾತ್ರ ಎದ್ದದ್ದು. ಮಾರನೇ ದಿನ ಪಾಕ್ ಸಾದಿರಾನ್ ಸತ್ತು ಸಾವಿರ ದಿನ ತುಂಬುತ್ತಿತ್ತು. ಸಾವಿರದ ದಿನದ ಊಟ ಆಗುವವರೆಗೆ ಸತ್ತವರು ತಮ್ಮ ಜಾಗ ಬಿಟ್ಟು ಪೂರ್ತಿ ಹೋಗುವುದಿಲ್ಲ ಎನ್ನುತ್ತೇವೆ ನಾವು. ಅವರ ಮುಖ ನೆನೆದು ಅವಳಿಗೆ ಅಳು ಬರಲಿಲ್ಲ. ಹರ್ಯಾದಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವಳೇ ಹೇಳಿದ್ದು ನನಗೆ.

ಆಲದ ಮರ ದಾಟಿ ನಾಲ್ಕು ಹೆಜ್ಜೆ ಹಾಕಿರಬೇಕು. ಹಿಂದಿನಿಂದ...

ಕ್ರೀಈಈ... ಕ್ರಿಕ್. ಕ್ರೀಈಈ... ಕ್ರಿಕ್.

ಪ್ರಿಂಟರಿನ ಸದ್ದು. ನಿಂತಳು. ತೊಕ್ಕೇ... ಎಂದು ಕೂಗುತ್ತಿದ್ದ ದೊಡ್ಡ ಹಲ್ಲಿ ಅರ್ಧಕ್ಕೇ ಬಾಯಿ ಮುಚ್ಚಿತು. ಎಲೆ ಅಲುಗಲಿಲ್ಲ. ಮತ್ತೆ... ಕ್ರೀಈಈ... ಕ್ರಿಕ್.

ಕೈಚೀಲದೊಳಗೆ ಕೈ ಹಾಕಿದಳು. ಪ್ಲಗ್ಗು ಅಲ್ಲೇ ಇತ್ತು. ಬೆಚ್ಚಗಿತ್ತು.

ತಿರುಗಿ ಓಡಿದಳು. ಪಂಪ್‌ಮನೆಯಲ್ಲಿ ಅವತ್ತು ಉಳಿದಿದ್ದವಳು ಒಬ್ಬಳೇ, ಹೊಸ ಪ್ರೋಗ್ರಾಂ ಕಂಪನಿಯ ಯೊಹಾನಾ. ಸುಮಾತ್ರಾದ ಬಾತಕ್ ಮನೆತನದ ಹೆಂಗಸು, ಜಕಾರ್ತಾದಿಂದ ಬಂದವಳು, ಜಾವಾ ಭಾಷೆಯ ಒಂದಕ್ಷರ ಗೊತ್ತಿಲ್ಲ. ಅವಳು ಗೋಡೆಗೆ ಬೆನ್ನೊತ್ತಿ ನಿಂತಿದ್ದಳು. ಕೈಯಲ್ಲಿ ನೂಡಲ್ಸಿನ ಬಟ್ಟಲು ಹಾಗೇ ಇತ್ತು.

"ಅಕ್ಕಾ... ಅದು ಹತ್ಕೊಂಡಿದೆ."

"ಯಾವಾಗಿಂದ?"

"ನೀವು ಹೋದ್ಮೇಲೆ."

"ಮುಟ್ಟಿದ್ಯಾ?"

"ವೈರೇ ಇಲ್ವಲ್ಲಕ್ಕಾ... ಏನಂತ ಮುಟ್ಲಿ?"

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ನುವುನ್ ಸೆವು. ಅದರ ಕೆಳಗೆ ಏಳು. ನೋಡುತ್ತಿದ್ದ ಹಾಗೆ ಅದು ಆರಾಯಿತು. ಹತ್ತರಿಂದ ಇಳಿಯುತ್ತಿರುವ ನಿಮಿಷ.

ವರ್ಸಿನಿ ಪಕ್ಕದ ಹೊಸ ಪರದೆ ನೋಡಿದಳು. ಚೆಂದದ ಬಣ್ಣ, ಚೆಂದದ ಚಿತ್ರ. ನೀರು ಕೆಂಪು ಗೆರೆ ದಾಟಿದೆ ಎಂದು ಅದಕ್ಕೂ ಗೊತ್ತಿತ್ತು. 'ಅಧಿಕಾರಿಯ ಅಪ್ಪಣೆಗೆ ಕಾಯಲಾಗುತ್ತಿದೆ. ಉಳಿದಿರುವುದು ಒಂಬೈನೂರ ತೊಂಬತ್ತಾರು ನಿಮಿಷ.'

ಮೂರು ಗೇಟೂ ತೆರೆದೇ ಇದ್ದವು.

"ಹತ್ತು ಇರ್ಬೇಕಾದ್ದು ಸಾವಿರ ಹೇಗಾಯ್ತು?" ವರ್ಸಿನಿ ಪಿಸುಗುಟ್ಟಿದಳು.

ಯೊಹಾನಾ ನೂಡಲ್ಸ್ ಕೆಳಗಿಟ್ಟಳು. ಅವಳ ಕಂಪನಿಯವರು ಹಳೆಯ ಪ್ರೋಗ್ರಾಮಿನ ಪದಗಳನ್ನೆಲ್ಲ ಪಟ್ಟಿ ಮಾಡಿ ಅರ್ಥ ಬರೆದುಕೊಂಡಿದ್ದರಂತೆ. ನುವುನ್ ಅಂದರೆ ಬೇಡುವುದು, ಸೆವು ಅಂದರೆ ಸಾವಿರ. ಕಾಯುವ ಜಾಗದಲ್ಲಿ ಆ ಪದ ಇತ್ತು, ಸಾವಿರ ನಿಮಿಷ ಕಾಯಬೇಕು ಎಂದುಕೊಂಡರು. ಹದಿನಾರು ಗಂಟೆ ನಲವತ್ತು ನಿಮಿಷ! ನಮ್ಮ ಕೇರಿಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು.

"ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

"ಕೇಳ್ಬೇಕು ಅಂತ ಹೊರಟಿದ್ದೆ ಅಕ್ಕಾ. ಪಾಕ್ ಹರ್ಯಾದಿ ತಡೆದ್ರು. ಆ ಹೆಂಗ್ಸಿಗೇನು ಗೊತ್ತು, ಬರೀ ಗೇಟು ಕಾಯೋಳು, ಅಂದ್ರು."

ಯೊಹಾನಾ ಸಾಹೇಬನ ಫೋನಿಗೆ ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಅಪ್ಪಣೆ ಕೊಡಬೇಕಾದ ಅಪ್ಪ ಹೋಟೆಲಿನಲ್ಲಿ ನಿದ್ದೆ ಮಾಡುತ್ತಿದ್ದ. ಯೊಹಾನಾ ತಾನೇ ಗೇಟು ಇಳಿಸೋಣವೆಂದರೆ ಹೊಸ ಪ್ರೋಗ್ರಾಮಿನ ಪಾಸ್‌ವರ್ಡ್ ಸಂಜೆಯೇ ಅವನ ಕೈಗೆ ಹೋಗಿತ್ತು. ಕೈಯಿಂದ ತಿರುಗಿಸುವ ಚಕ್ರಗಳನ್ನು ಹೋದ ವಾರವೇ ಗುಜರಿಗೆ ಹಾಕಿದ್ದರು. ಹೊರಗೆ ಗೇಟಿನ ಕೆಳಗಿಂದ ನೀರು ಒಳಗೆ ನುಗ್ಗುವ ಸದ್ದು ಬದಲಾಗಿತ್ತು. ಮೊದಲು ಗುಳು ಗುಳು. ಈಗ ಹೂಊಊ... ಎಂದು ಒಂದೇ ಸಮ.

ತಾಯಿಯ ಮಂಚದ ಕಾಲು ನೆಲದಿಂದ ಒಂದು ಮೊಳ. ಅಷ್ಟೇ.

ವರ್ಸಿನಿ ಹಳೆಯ ಕುರ್ಚಿಯಲ್ಲಿ ಕೂತಳು. ವೈರಿಲ್ಲದ ಮಿಷನ್ನು ಹೇಗೆ ಹತ್ತಿತು, ಗೇಟಿಗೆ ಹೇಗೆ ಮುಟ್ಟೀತು, ಒಂದನ್ನೂ ಯೋಚಿಸಲಿಲ್ಲ. ಹಲ್ಲು ಕಚ್ಚಿ ಮೊದಲ ಅಕ್ಷರ ಒತ್ತಿದಳು.

ಕೀಲಿ ಇಳಿಯಲಿಲ್ಲ.

ಮತ್ತೆ ಒತ್ತಿದಳು. ಕಲ್ಲು. ಹೆಬ್ಬೆರಳಿಟ್ಟು ಮೈಭಾರವೆಲ್ಲ ಹಾಕಿದಳು. ಯಾರೋ ಕೆಳಗಿಂದ ಬೆರಳು ಕೊಟ್ಟು ಎತ್ತಿ ಹಿಡಿದ ಹಾಗಿತ್ತು. ಸಿಟ್ಟಿನಲ್ಲಿ ಮುಷ್ಟಿ ಎತ್ತಿ ಕುಟ್ಟಲು ಹೋದಳು. ಆಗ... ಲವಂಗದ ಸಿಗರೇಟಿನ ವಾಸನೆ. ಅಗ್ಗದ್ದು, ಗಂಟಲು ಕೆರೆಯುವಂಥದ್ದು. ಕಿವಿಯ ಹತ್ತಿರ ಯಾರೋ ಕೆಮ್ಮಿದರು.

"ನೋಡ್ದ್ಯಾ ಮಗಾ?"

ಹನ್ನೊಂದು ವರ್ಷ, ಪ್ರತಿ ಉಬ್ಬರದಲ್ಲೂ, ಅವಳು ಒತ್ತುವ ಮೊದಲು ಪಾಕ್ ಸಾದಿರಾನ್ ಕೇಳುತ್ತಿದ್ದ ಮಾತು. ಗೇಟಿನ ಕೆಳಗೆ ನೋಡ್ದ್ಯಾ ಎಂದು. ಎಷ್ಟೇ ಅವಸರವಿರಲಿ, ಎಷ್ಟೇ ಮಳೆಯಿರಲಿ.

ಅವಳು ನೋಡಿರಲಿಲ್ಲ. ಸಿಟ್ಟಿನಲ್ಲಿ ಮರೆತೇ ಹೋಗಿತ್ತು.

"ಯೊಹಾನಾ, ಟಾರ್ಚ್ ತಗೋ. ಬಾ ನನ್ಜೊತೆ."

ಒಂದನೇ ಗೇಟು ಖಾಲಿ. ಎರಡನೆಯದು ಖಾಲಿ. ಮೂರನೆಯದರ ಕೆಳಗೆ, ನೇರ ಕಬ್ಬಿಣದ ಹಲಗೆ ಇಳಿಯುವ ಜಾಗದಲ್ಲೇ, ಒಂದು ದೋಣಿ ಕಟ್ಟಿತ್ತು. ಒಳಗೆ ಒಬ್ಬ ಮನುಷ್ಯ, ಪಂಚೆಯನ್ನು ತಲೆತುಂಬ ಹೊದ್ದು, ಗೊರ್ ಎಂದು ಮಲಗಿದ್ದ. ನಾಲ್ಕು ಟನ್ ತೂಕದ ಹಲಗೆ ಅವನ ಎದೆಯ ಮೇಲೆ ನೇತಾಡುತ್ತಿತ್ತು.

ಅವನ ತಪ್ಪಲ್ಲ. ಹೊಸ ಪ್ರೋಗ್ರಾಂ ಸಂಜೆಯೇ ಎಲ್ಲ ಮೀನುಗಾರರ ಫೋನಿಗೆ ಸಂದೇಶ ಕಳಿಸಿತ್ತು, ಬೆಳಗಿನವರೆಗೆ ಗೇಟು ಇಳಿಯುವುದಿಲ್ಲ ಎಂದು. ಸಾವಿರ ನಿಮಿಷದ ಲೆಕ್ಕ ಅದಕ್ಕೆ! ಗಾಳಿ ಮರೆಯಾಗಲೆಂದು ಕೆಳಗೆ ಕಟ್ಟಿದ್ದ.

ವರ್ಸಿನಿ ಸೊಂಟದವರೆಗೆ ನೀರಿಗಿಳಿದಳು. ಹಗ್ಗದ ಗಂಟು ನೆನೆದು ಬಿಗಿದಿತ್ತು. ಯೊಹಾನಾ ಕೂಡ ಇಳಿದು, ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಆ ಮನುಷ್ಯನಿಗೆ ಎಚ್ಚರವಾಗಿ ಏನು ಎತ್ತ ಎಂದು ಕೇಳುವ ಮೊದಲೇ ವರ್ಸಿನಿ ಅವನ ಕೆನ್ನೆಗೆ ಬಾರಿಸಿದ್ದಳು. ಹರ್ಯಾದಿಗೆಂದು ಎತ್ತಿಟ್ಟಿದ್ದ ಏಟು ಅದು, ಸಿಕ್ಕವನಿಗೆ ಬಿತ್ತು. ಗಂಟು ಬಿಚ್ಚಿಕೊಂಡಿತು. ಮೂವರೂ ಸೇರಿ ದೂಡಿದರು. ದೋಣಿ ಗೇಟಿನಿಂದ ಒಂದು ಮಾರು ಆಚೆ ಹೋಯಿತು.

ಆಗ ಪಂಪ್‌ಮನೆಯ ಒಳಗಿಂದ...

ಟಕ್... ಟಕ್... ಟಕ್...

ಇಬ್ಬರು ಹೆಂಗಸರೂ ನೀರಿನಲ್ಲಿ ನಿಂತಲ್ಲೇ ನಿಂತರು. ಒಳಗೆ ಒಬ್ಬರೂ ಇರಲಿಲ್ಲ.

ಟಕ್... ಟಕ್... ಟಕ್...

ಆರು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

ಠಪ್!

ಕಿರ್‌ರ್‌ರ್... ಘಡ ಘಡ ಘಡ... ಒಂದು. ಘಡ ಘಡ ಘಡ... ಎರಡು. ಮೂರನೆಯದು ಅವರ ಕಣ್ಣೆದುರೇ ಇಳಿದು, ದೋಣಿ ಇದ್ದ ಜಾಗದಲ್ಲಿ ಧೊಂ ಎಂದು ಕೂತಿತು. ಹೂ ಎನ್ನುತ್ತಿದ್ದ ನೀರಿನ ಸದ್ದು ಕತ್ತರಿಸಿದ ಹಾಗೆ ನಿಂತುಹೋಯಿತು. ವರ್ಸಿನಿ ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದಳು. ನೀರು ಹೊಸಿಲು ದಾಟಿ, ಮಂಚದ ಕಾಲನ್ನು ನಾಲ್ಕು ಬೆರಳು ಮುಳುಗಿಸಿ ನಿಂತಿತ್ತು. ತಾಯಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. "ಯಾಕೆ ತಡ? ಸಾದಿರಾನ್ ಕಾವಲಲ್ವಾ ಇವತ್ತು?" ಎಂದರಂತೆ. ಮುದುಕಿಗೆ ಮರೆವು. ಮರೆವು ಎಂದೇ ಇಟ್ಟುಕೊಳ್ಳಿ.

ಬೆಳಗ್ಗೆ ಹರ್ಯಾದಿ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ಹಾಕಿಕೊಂಡು ಬಂದ. ಗೇಟು ಇಳಿದಿತ್ತಲ್ಲ, ಮೊದಲ ರಾತ್ರಿಯೇ ಹೊಸ ವ್ಯವಸ್ಥೆ ಕೇರಿಯನ್ನು ಉಳಿಸಿತು ಎಂದು ಪತ್ರಿಕೆಯವರಿಗೆ ಹೇಳಿದ. ನಾಚಿಕೆ ಎಂಬುದು ಆ ಮನುಷ್ಯನ ಮನೆಯ ದಾರಿಯಲ್ಲೂ ಸುಳಿದಿಲ್ಲ. ವರ್ಸಿನಿ ಮೇಯರ್ ಎದುರೇ ಕತ್ತರಿಸಿದ ಪ್ಲಗ್ಗನ್ನು ಮೇಜಿನ ಮೇಲಿಟ್ಟಳು. ಯೊಹಾನಾ ಎದ್ದು, ಸಾವಿರ ನಿಮಿಷದ ತಪ್ಪು ನಮ್ಮದು, ಒಂದು ತಿಂಗಳ ಪರೀಕ್ಷೆ ಆಗಿಲ್ಲ, ಬರೆಸಿದ್ದು ಇವರು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಬಾತಕ್ ಜನ ಮುಚ್ಚುಮರೆ ಮಾಡುವವರಲ್ಲ. ಮೇಯರ್ ಕೆಮ್ಮಿದ. ಫೋಟೋಗಾಗಿ ಬಟನ್ ಒತ್ತಿ ಹೋದ. ಆ ಬಟನ್ನಿಗೆ ಯೊಹಾನಾ ವೈರೇ ಕೊಟ್ಟಿರಲಿಲ್ಲ.

ಆಮೇಲೆ ಆಗಬೇಕಾದದ್ದು ಆಗಬೇಕಾದ ಹಾಗೆ ಆಯಿತು. ಹಳೆಯದಕ್ಕೆ ಹೊಸ ವೈರು ಹಾಕಿದರು, ಎರಡೂ ನಲವತ್ತು ದಿನ ಅಕ್ಕಪಕ್ಕ ಓಡಿದವು, ಒಂದೊಂದೇ ಗೇಟು ಹೊಸದರ ಕೈಗೆ ಹೋಯಿತು. ಹೊಸದೂ ಈಗ ಹತ್ತೇ ನಿಮಿಷ ಕಾಯುತ್ತದೆ, 'ನುವುನ್ ಸೆವು' ಎಂದೇ ಕೇಳುತ್ತದೆ. ಉತ್ತರ ಕೊಡುವುದು ವರ್ಸಿನಿ. ಹರ್ಯಾದಿಗೆ ಏನಾಯಿತು ಎಂದು ಕೇಳಬೇಡಿ. ಬಡ್ತಿ ಆಯಿತು. ಅದಕ್ಕೇ ನಾನು ಹೇಳಿದ್ದು, ಈ ಕತೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ ಎಂದು.

ಕನಸು ಎನ್ನುತ್ತೀರಾ? ಹೆಂಗಸರಿಬ್ಬರ ಭ್ರಮೆ? ಅನ್ನಿ. ಆದರೆ ನನ್ನ ಮುಂದೆ ಅನ್ನಬೇಡಿ. ಆ ದೋಣಿ ನನ್ನದು. ಕೆನ್ನೆಗೆ ಏಟು ತಿಂದವನು ನಾನು. ಆರು ಟಕ್, ಒಂದು ಠಪ್, ಈ ಎರಡು ಕಿವಿಯಿಂದ ಕೇಳಿದವನು ನಾನು. ಒಳಗೆ ಹೋಗಿ ನೋಡಿದಾಗ ಪರದೆ ಆರಿತ್ತು. ಪ್ರಿಂಟರಿನ ಬಾಯಲ್ಲಿ ಕಾಗದ ನೇತಾಡುತ್ತಿತ್ತು. ಅದನ್ನು ಹರಿದುಕೊಂಡವನೂ ನಾನೇ.

ಅದರಲ್ಲಿ ಒಂದೇ ಸಾಲು. ಹನ್ನೊಂದು ಇಪ್ಪತ್ತನಾಲ್ಕು ಎಂಬ ಹೊತ್ತು. ಮುಂದೆ 'ಮೊಂಗ್ಗೊ'. ಅದರ ಮುಂದೆ, ಯಾರು ಒತ್ತಿದರೋ ಅವರ ಕಾವಲಿನ ನಂಬರು.

ವರ್ಸಿನಿಯ ನಂಬರು ಎರಡು. ಕಾಗದದಲ್ಲಿ ಇದ್ದದ್ದು ಒಂದು.